ಡಬ್ಬದಲ್ಲಿ ಇರೋದೆಷ್ಟು, ಮಷೀನು ಓಡಿದ್ದೆಷ್ಟು? ಕಾಯಿನ್ ಯಂತ್ರ ಇಟ್ಟಿರುವ ಅಂಗಡಿಯವರು ನೋಡಲೇಬೇಕಾದ ಮೀಟರ್

ಬೇಕರಿ ಮುಂದೆ ಬೊಂಬೆ ಎತ್ತುವ ಗಾಜಿನ ಪೆಟ್ಟಿಗೆ, ಬಸ್‌ಸ್ಟ್ಯಾಂಡ್ ಹತ್ತಿರ ತೂಕದ ಮಷೀನು, ಕಾಂಪ್ಲೆಕ್ಸಿನ ಮಹಡಿ ಮೇಲೆ ಎರಡು ಪೂಲ್ ಟೇಬಲ್, ಊರೊಳಗೆ ಐದು ರೂಪಾಯಿ ಹಾಕಿದರೆ ಕ್ಯಾನ್ ತುಂಬುವ ಶುದ್ಧ ನೀರಿನ ಘಟಕ. ತಾಲೂಕು ಕೇಂದ್ರಗಳಲ್ಲಿ ಇವೆಲ್ಲ ಹೊಸತೇನಲ್ಲ. ಆಟದ ಮಷೀನು ಅಂದರೆ ಸಾಮಾನ್ಯವಾಗಿ ಪಾಲಿನ ವ್ಯವಹಾರ. ಜಾಗ ಮತ್ತು ಕರೆಂಟು ಅಂಗಡಿಯವರದು, ಯಂತ್ರ ಇನ್ನೊಬ್ಬರದು. ತಿಂಗಳಿಗೊಮ್ಮೆ ಯಂತ್ರದ ಮಾಲೀಕ ಬರುತ್ತಾನೆ, ಬೀಗ ತೆಗೀತಾನೆ, ಚಿಲ್ಲರೆ ಎಣಿಸಿ ಪಾಲು ಕೊಟ್ಟು ಹೋಗ್ತಾನೆ.

ಮೊದಲ ಎರಡು ತಿಂಗಳು ಎಲ್ಲ ಸರಿ ಇರುತ್ತೆ. ಮೂರನೇ ತಿಂಗಳು ಶುರುವಾಗೋದು ಅನುಮಾನ. "ಸಂಜೆ ಹೊತ್ತು ಮಕ್ಕಳು ಸಾಲು ನಿಲ್ತಾರೆ, ದುಡ್ಡು ಮಾತ್ರ ಇಷ್ಟೇನಾ?" ಅಂತ ಅಂಗಡಿಯವರಿಗೆ. "ನಾನಿಲ್ಲದಾಗ ಯಾರಾದರೂ ಡಬ್ಬಕ್ಕೆ ಕೈ ಹಾಕಿದ್ರಾ?" ಅಂತ ಮಾಲೀಕನಿಗೆ. ಇಬ್ಬರ ಬಳಿಯೂ ಪುರಾವೆ ಇಲ್ಲ. ಜಗಳ ಮಾಡಿಕೊಂಡು ಮಷೀನು ಎತ್ತಿಕೊಂಡು ಹೋಗೋದು, ಇಲ್ಲವೇ ಒಳಗೊಳಗೇ ಬೈದುಕೊಂಡು ಸುಮ್ಮನಿರೋದು, ಎರಡರಲ್ಲೊಂದು.

ಇದಕ್ಕೆ ಉತ್ತರ ಬಹುತೇಕ ಯಂತ್ರಗಳ ಹೊಟ್ಟೆಯೊಳಗೇ ಇರುತ್ತದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ, ಆರು ಅಥವಾ ಏಳು ಅಂಕಿಯ ಒಂದು ಮೀಟರ್. ಅದನ್ನು ಓದುವ ಅಭ್ಯಾಸ ಮಾತ್ರ ನಮ್ಮ ಕಡೆ ಇನ್ನೂ ಬಂದಿಲ್ಲ.

ಡಬ್ಬದ ದುಡ್ಡು ಲೆಕ್ಕವಲ್ಲ

ಡಬ್ಬ ತೆಗೆದಾಗ ಸಿಗೋದು ಅದರಲ್ಲಿ ಉಳಿದಿರುವ ಹಣ ಎಷ್ಟು ಅನ್ನೋದು ಮಾತ್ರ. ಯಂತ್ರ ಎಷ್ಟು ಸಲ ಓಡಿತು ಅನ್ನೋದು ಬೇರೆಯದೇ ಪ್ರಶ್ನೆ. 1972ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸನಿವೇಲ್ ಎಂಬ ಊರಿನ ಒಂದು ಬಾರಿನಲ್ಲಿ ಅಟಾರಿ ಕಂಪನಿ 'ಪಾಂಗ್' ಅನ್ನುವ ವಿಡಿಯೊ ಗೇಮನ್ನು ಪ್ರಯೋಗಕ್ಕೆ ಇಟ್ಟಿತ್ತು. ಕೆಲವೇ ದಿನಕ್ಕೆ ಮಷೀನು ಕೆಟ್ಟಿದೆ ಅಂತ ಕರೆ ಬಂತು. ಎಂಜಿನಿಯರ್ ಹೋಗಿ ತೆಗೆದು ನೋಡಿದರೆ ಯಂತ್ರಕ್ಕೆ ಏನೂ ಆಗಿರಲಿಲ್ಲ. ನಾಣ್ಯ ಬೀಳುವ ಡಬ್ಬ ತುಂಬಿ ತುಳುಕಿ, ಮುಂದಿನ ನಾಣ್ಯ ಒಳಗೆ ಹೋಗದೆ ನಿಂತಿತ್ತು. ವಿಡಿಯೊ ಗೇಮ್ ಧಂದೆ ಹುಟ್ಟಿದ ಕತೆ ಅಂತ ಇದನ್ನು ಹೇಳ್ತಾರೆ. ಅಂಗಡಿಯವರಿಗೆ ಅದರಲ್ಲಿ ಕಾಣಬೇಕಾದ್ದು ಇನ್ನೊಂದು: ಡಬ್ಬ ತುಂಬಿದ ಮೇಲೆ ಎಷ್ಟು ಜನ ನಾಣ್ಯ ಹಿಡಿದು ಬಂದು ವಾಪಸ್ ಹೋದರು ಅಂತ ಡಬ್ಬ ಹೇಳೋದಿಲ್ಲ. ಯಾರಾದರೂ ನಡುವೆ ತೆಗೆದುಕೊಂಡಿದ್ದರೂ ಅದು ಹೇಳೋದಿಲ್ಲ.

ಎಣಿಕೆಯನ್ನು ಹಣದಿಂದ ಬೇರೆ ಮಾಡಬೇಕು ಅನ್ನುವ ಯೋಚನೆ ಇದಕ್ಕಿಂತ ಬಹಳ ಹಳೆಯದು. ಓಹಾಯೊದ ಡೇಟನ್ನಿನಲ್ಲಿ ಹೆಂಡದಂಗಡಿ ನಡೆಸುತ್ತಿದ್ದ ಜೇಮ್ಸ್ ರಿಟ್ಟಿ, ಕೆಲಸದವರು ಗಲ್ಲಾದಿಂದ ದುಡ್ಡು ಕದಿಯೋದನ್ನು ತಾಳಲಾರದೆ 1879ರಲ್ಲಿ ಕ್ಯಾಶ್ ರಿಜಿಸ್ಟರ್‌ಗೆ ಪೇಟೆಂಟ್ ಪಡೆದ. ಹಡಗಿನ ಪ್ರಯಾಣದಲ್ಲಿ, ಪ್ರೊಪೆಲರ್ ಎಷ್ಟು ಸುತ್ತು ತಿರುಗಿತು ಅಂತ ಎಣಿಸುವ ಯಂತ್ರ ನೋಡಿ ಅವನಿಗೆ ಈ ಯೋಚನೆ ಬಂತಂತೆ.

ಅಷ್ಟು ದೂರ ಯಾಕೆ? ಎಸ್‌ಟಿಡಿ ಬೂತ್ ನೆನಪಿರುವವರಿಗೆ ಗಾಜಿನ ಕೋಣೆಯ ಮೇಲೆ ಕೆಂಪು ಅಂಕಿಗಳು ಓಡುತ್ತಿದ್ದುದೂ ನೆನಪಿರುತ್ತೆ. ಗ್ರಾಹಕ, ಬೂತಿನವರು ಇಬ್ಬರಿಗೂ ಕಾಣುವ ಹಾಗೆ ಒಂದೇ ಅಂಕಿ, ಕೊನೆಗೆ ಅದೇ ಅಂಕಿಯ ಚೀಟಿ. ತಿಂಗಳ ಕೊನೆಯ ಟೆಲಿಫೋನ್ ಬಿಲ್ಲಿಗೆ ಆ ಚೀಟಿಗಳ ಮೊತ್ತ ತಾಳೆ ಹಾಕಿ ನೋಡಬಹುದಿತ್ತು. ರೈಲ್ವೆ ಸ್ಟೇಷನ್ನಿನ ತೂಕದ ಮಷೀನಿಗೂ ಇಂಥದ್ದೇ ಒಂದು ಸಾಕ್ಷಿ ಇತ್ತು. ಬಣ್ಣದ ದೀಪ, ತಿರುಗುವ ಚಕ್ರ, ನಾಣ್ಯ ಹಾಕಿದರೆ ಟಕ್ ಅಂತ ಬೀಳುವ ರಟ್ಟಿನ ಟಿಕೆಟ್, ಅದರ ಮೇಲೆ ತೂಕ ಮತ್ತು ಭವಿಷ್ಯ. ಒಳಗೆ ತುಂಬಿದ ಟಿಕೆಟ್ ಸಾವಿರ, ಉಳಿದದ್ದು ಇನ್ನೂರು ಅಂದರೆ ಎಂಟುನೂರು ಜನ ಹತ್ತಿದ್ದಾರೆ. ಹಣ ಎಲ್ಲಿ ಹೋಯಿತು ಅನ್ನುವುದು ಆಮೇಲಿನ ಮಾತು.

ಒಳಗೆ ನಡೆಯೋದೇನು

ನಾಣ್ಯ ಹಾಕುವ ಸೀಳಿನ ಹಿಂದೆ ಇರೋದು ಕಾಯಿನ್ ಅಕ್ಸೆಪ್ಟರ್. ಇಳಿದು ಬರುವ ನಾಣ್ಯದ ಅಗಲ, ದಪ್ಪ, ಲೋಹ ಇವನ್ನು ತಂತಿ ಸುರುಳಿಗಳು ಮತ್ತು ಬೆಳಕಿನ ಸೆನ್ಸರ್‌ಗಳ ಮೂಲಕ ಕ್ಷಣಮಾತ್ರದಲ್ಲಿ ಅಳೆಯುತ್ತದೆ. ಸರಿ ಅನಿಸಿದರೆ ಒಳಗೆ ಬಿಡುತ್ತೆ, ಇಲ್ಲದಿದ್ದರೆ ಕೆಳಗಿನ ಬಟ್ಟಲಿಗೆ ವಾಪಸ್. ಒಳಗೆ ಬಿಟ್ಟ ಪ್ರತಿ ನಾಣ್ಯಕ್ಕೂ ಒಂದು ಸಣ್ಣ ವಿದ್ಯುತ್ ಮಿಡಿತ ಹೊರಡುತ್ತದೆ, ಮೆಕ್ಯಾನಿಕ್‌ಗಳು ಅದನ್ನು ಪಲ್ಸ್ ಅಂತಾರೆ. ಐದು ರೂಪಾಯಿಗೆ ಒಂದು ಪಲ್ಸ್, ಹತ್ತಕ್ಕೆ ಎರಡು, ಹೀಗೆ ಹೊಂದಿಸಬಹುದು. ಆ ಪಲ್ಸ್ ಮುಖ್ಯ ಬೋರ್ಡಿಗೆ ಹೋಗಿ ಆಟ ಶುರು ಮಾಡುತ್ತದೆ. ಅದೇ ಪಲ್ಸ್ ಮೀಟರಿನ ಅಂಕಿಯನ್ನೂ ಒಂದು ಹೆಜ್ಜೆ ಮುಂದೆ ತಳ್ಳುತ್ತದೆ.

ಈ ಮೀಟರ್ ಎರಡು ಬಗೆ. ಒಂದು ಹಳೆಯ ಸ್ಕೂಟರಿನ ಕಿಲೋಮೀಟರ್ ಚಕ್ರದ ಹಾಗೆ ತಿರುಗುವಂಥದ್ದು. ಕರೆಂಟು ಹೋದರೂ ಅಂಕಿ ಅಲ್ಲೇ ನಿಲ್ಲುತ್ತೆ, ಸೊನ್ನೆ ಮಾಡಲು ಬಟನ್ ಇರೋದಿಲ್ಲ. ಇನ್ನೊಂದು ಬೋರ್ಡಿನ ಮೆಮೊರಿಯಲ್ಲೇ ಇರುವ ಲೆಕ್ಕ. ಯಾವ ದಿನ, ಯಾವ ಗಂಟೆಯಲ್ಲಿ ಎಷ್ಟು ಆಟ ಅಂತೆಲ್ಲ ತೋರಿಸಬಲ್ಲದು, ಆದರೆ ಪಾಸ್‌ವರ್ಡ್ ಇದ್ದವರು ಅಳಿಸಲೂ ಬಹುದು. ಆದ್ದರಿಂದ ಅನುಭವಸ್ಥರು ಎರಡೂ ಇರಲಿ ಅಂತಾರೆ. ಚಕ್ರದ ಮೀಟರ್ ಸಾಕ್ಷಿಗೆ, ಮೆಮೊರಿಯದು ವಿವರಕ್ಕೆ.

ಇನ್ನೂ ಒಂದು ವ್ಯತ್ಯಾಸ ಇದೆ, ಜಗಳ ಹುಟ್ಟೋದೂ ಬಗೆಹರಿಯೋದೂ ಇಲ್ಲೇ. 'ಎಷ್ಟು ನಾಣ್ಯ ಬಿತ್ತು' ಅನ್ನುವ ಲೆಕ್ಕ ಒಂದು, 'ಎಷ್ಟು ಆಟ ನಡೆಯಿತು' ಅನ್ನುವ ಲೆಕ್ಕ ಇನ್ನೊಂದು. ರಿಪೇರಿಗೆ ಬಂದವರು ಪರೀಕ್ಷೆ ಮಾಡಲಿ ಅಂತ ಬಾಗಿಲ ಒಳಗೆ ಸರ್ವಿಸ್ ಬಟನ್ ಇರುತ್ತದೆ. ಅದನ್ನು ಒತ್ತಿದರೆ ನಾಣ್ಯವಿಲ್ಲದೆ ಆಟ ಶುರು.

ಒಂದು ಉದಾಹರಣೆ ನೋಡಿ. ಹತ್ತು ರೂಪಾಯಿ ಆಟದ ಮಷೀನು. ಆಟದ ಲೆಕ್ಕ ಹೋದ ತಿಂಗಳು 4,312 ಇತ್ತು, ಈಗ 4,972. ಅಂದರೆ 660 ಆಟ, ಬರಬೇಕಾದ್ದು 6,600 ರೂಪಾಯಿ. ಡಬ್ಬದಲ್ಲಿ ಸಿಕ್ಕಿದ್ದು 6,140. ಕಡಿಮೆ ಬಿದ್ದದ್ದು 460. ಇಷ್ಟಕ್ಕೇ ನಿಲ್ಲಿಸಿದರೆ ಜಗಳ ಗ್ಯಾರಂಟಿ. ನಾಣ್ಯದ ಲೆಕ್ಕವನ್ನೂ ನೋಡಬೇಕು. ಅದು 4,250ರಿಂದ 4,870ಕ್ಕೆ ಬಂದಿದೆ, ಅಂದರೆ 620 ನಾಣ್ಯ. ಹಾಗಾದರೆ 40 ಆಟ ನಾಣ್ಯವಿಲ್ಲದೆ, ಸರ್ವಿಸ್ ಬಟನ್‌ನಿಂದ ನಡೆದಿವೆ. ಬಾಗಿಲ ಕೀಲಿ ಯಾರ ಬಳಿ ಇದೆಯೋ ಅವರು ಉತ್ತರಿಸಬೇಕಾದ ಪ್ರಶ್ನೆ ಅದು. ಉಳಿದದ್ದು ಆರು ನಾಣ್ಯದ ಅಂತರ, 60 ರೂಪಾಯಿ. ಒಳಗೆಲ್ಲೋ ಸಿಕ್ಕಿಕೊಂಡಿರಬಹುದು, ಎಣಿಕೆ ತಪ್ಪಿರಬಹುದು, ಅಕ್ಸೆಪ್ಟರ್ ಒಂದು ನಾಣ್ಯಕ್ಕೆ ಎರಡು ಪಲ್ಸ್ ಕೊಟ್ಟಿರಬಹುದು. 460 ರೂಪಾಯಿ ಕಳ್ಳತನ ಅನ್ನಬೇಕಿದ್ದದ್ದು 60 ರೂಪಾಯಿಯ ಸಣ್ಣ ಲೋಪಕ್ಕೆ ಇಳಿಯಿತು. ಪ್ರತಿ ತಿಂಗಳೂ ಇಷ್ಟೇ ಅಂತರ ಬರ್ತಿದ್ದರೆ ಅಕ್ಸೆಪ್ಟರ್ ನೋಡಿಸಬೇಕು, ಒಂದೇ ಸಲ ಸಾವಿರಗಟ್ಟಲೆ ಬಂದರೆ ಕೀಲಿ ಯಾರ ಕೈಲಿತ್ತು ನೋಡಬೇಕು.

ಒಳ್ಳೆಯ ಯಂತ್ರಗಳಲ್ಲಿ ಬಾಗಿಲ ಬೀಗ ಬೇರೆ, ಡಬ್ಬದ ಬೀಗ ಬೇರೆ ಇರೋದು ಇದಕ್ಕೇ. ಮೆಕ್ಯಾನಿಕ್ ಬಾಗಿಲು ತೆಗೆದರೂ ಡಬ್ಬ ತೆಗೆಯಲಾರ.

ನಮ್ಮ ನಾಣ್ಯಗಳು ಈ ಲೆಕ್ಕಕ್ಕೆ ತಂದಿಡುವ ತಾಪತ್ರಯವೂ ಒಂದಿದೆ. ಐದು ರೂಪಾಯಿಯ ಹಳೆಯ ದಪ್ಪ ನಾಣ್ಯ ಬೇರೆ, ಹೊಸ ತೆಳು ನಾಣ್ಯ ಬೇರೆ. ಹತ್ತು ರೂಪಾಯಿ ನಾಣ್ಯ 14 ವಿನ್ಯಾಸಗಳಲ್ಲಿ ಬಂದಿದೆ, ಎಲ್ಲವೂ ಚಲಾವಣೆಗೆ ಸಲ್ಲುತ್ತವೆ ಅಂತ ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಸ್ಪಷ್ಟಪಡಿಸಿತ್ತು. ಆದರೂ ಹತ್ತರ ನಾಣ್ಯ ಬೇಡ ಅನ್ನುವ ಅಂಗಡಿಗಳು ಈಗಲೂ ಇವೆ, ಅದು ಬೇರೆ ಕತೆ. ಅಕ್ಸೆಪ್ಟರ್‌ಗೆ ಹೊಸ ನಾಣ್ಯ 'ಕಲಿಸಬೇಕು': ಅದೇ ಬಗೆಯ ಹದಿನೈದಿಪ್ಪತ್ತು ನಾಣ್ಯಗಳನ್ನು ಒಂದೊಂದಾಗಿ ಹಾಕಿ ಅಳತೆ ನೆನಪಿಡಿಸಬೇಕು. ಕಲಿಸದೇ ಹೋದರೆ ಒಳ್ಳೆಯ ನಾಣ್ಯವೂ ವಾಪಸ್ ಬೀಳುತ್ತೆ, ಗಿರಾಕಿ ಮಷೀನಿಗೆ ಒಂದು ಗುದ್ದು ಕೊಟ್ಟು ಹೋಗ್ತಾನೆ. ತೀರಾ ಸಡಿಲವಾಗಿ ಕಲಿಸಿದರೆ ಅಳತೆಗೆ ಹತ್ತಿರವಿರುವ ವಾಷರ್ ಕೂಡ ನಾಣ್ಯ ಅನ್ನಿಸಿಕೊಂಡು ಮೀಟರ್ ಏರಿಸುತ್ತದೆ.

ಪೂಲ್ ಟೇಬಲ್‌ನಲ್ಲಿ ಎಣಿಸೋದು ಏನನ್ನ?

ಅಮೆರಿಕ, ಇಂಗ್ಲೆಂಡಿನ ಬಾರುಗಳಲ್ಲಿ ಪೂಲ್ ಟೇಬಲ್ ಕೂಡ ನಾಣ್ಯದ ಮೇಲೆ ನಡೆಯುತ್ತದೆ. ನಾಣ್ಯ ಇಟ್ಟು ತಳ್ಳಿದರೆ ಒಳಗಿನ ಗೇಟು ತೆರೆದು ಚೆಂಡುಗಳೆಲ್ಲ ಗಡಗಡನೆ ಉರುಳಿ ಹೊರಬರುತ್ತವೆ. ಆಟದಲ್ಲಿ ಪಾಕೆಟ್ಟಿಗೆ ಬಿದ್ದ ಬಣ್ಣದ ಚೆಂಡು ಒಳಗೇ ಉಳಿಯುತ್ತೆ, ಮುಂದಿನ ನಾಣ್ಯಕ್ಕೆ ಮಾತ್ರ ಬರುತ್ತೆ. ಹೊಡೆಯುವ ಬಿಳಿ ಚೆಂಡು ಮಾತ್ರ ಪ್ರತಿ ಸಲ ವಾಪಸ್ ಬರಬೇಕಲ್ಲ? ಅದಕ್ಕೆ ಅದನ್ನು ಸ್ವಲ್ಪ ದೊಡ್ಡದಾಗಿ ಮಾಡಿರುತ್ತಾರೆ, ಇಲ್ಲವೇ ಒಳಗೆ ಲೋಹ ಸೇರಿಸಿ ಅಯಸ್ಕಾಂತದಿಂದ ಬೇರೆ ದಾರಿಗೆ ಎಳೆಯುತ್ತಾರೆ.

ಇಲ್ಲಿ ಪ್ರತಿ ಸಲ ಗೇಟು ತೆರೆದದ್ದನ್ನು ಒಂದು ಸಣ್ಣ ಸ್ವಿಚ್ ಎಣಿಸಿದರೆ ಸಾಕು, ಎಷ್ಟು ಆಟ ಅನ್ನೋದು ಗೊತ್ತಾಗುತ್ತದೆ. ಹಾಗೆಂದು ಗಿರಾಕಿಗಳು ಸುಮ್ಮನಿದ್ದಾರಾ? ಪಾಕೆಟ್ಟಿಗೆ ಬಟ್ಟೆ ತುರುಕಿ, ಚೆಂಡು ಒಳಗೆ ಹೋಗದ ಹಾಗೆ ತಡೆದು, ಒಂದೇ ನಾಣ್ಯದಲ್ಲಿ ಸಂಜೆಯಿಡೀ ಆಡುವ ಚಾಳಿ ಅಲ್ಲಿ ಹಳೆಯದು. ಅಂಥ ದಿನ ಮೀಟರ್ ಒಂದು ಅಂದರೂ ಟೇಬಲ್ಲಿನ ಬಟ್ಟೆ ಸವೆದಿರೋದು ಹತ್ತು ಆಟದಷ್ಟು.

ನಮ್ಮಲ್ಲಿ ಪದ್ಧತಿ ಬೇರೆ. ಸ್ನೂಕರ್, ಪೂಲ್ ಪಾರ್ಲರ್‌ಗಳಲ್ಲಿ ಗಂಟೆ ಲೆಕ್ಕ, ಕೆಲವು ಕಡೆ ಫ್ರೇಮ್ ಲೆಕ್ಕ. ಇಲ್ಲಿ ಎಣಿಸುವ ವಸ್ತು ನಾಣ್ಯವಲ್ಲ, ಸಮಯ. ಟೇಬಲ್ ಮೇಲೆ ತೂಗುವ ದೀಪವೇ ಇದಕ್ಕೆ ಮೀಟರ್. ಕೌಂಟರಿನಲ್ಲಿ ಕೂತವರು ಕಂಪ್ಯೂಟರಿನಲ್ಲಿ ಟೇಬಲ್ ನಂಬರ್ ಒತ್ತಿದರೆ ರಿಲೇ ಮೂಲಕ ಆ ಟೇಬಲ್ಲಿನ ದೀಪ ಹತ್ತುತ್ತದೆ, ಗಡಿಯಾರ ಶುರುವಾಗುತ್ತದೆ. ದೀಪ ಆರಿಸಿದರೆ ಬಿಲ್. ಮಾಲೀಕ ಮನೆಯಲ್ಲಿ ಊಟ ಮಾಡ್ತಾ ಮೊಬೈಲ್‌ನಲ್ಲಿ ಯಾವ ಟೇಬಲ್ ಎಷ್ಟು ಹೊತ್ತು ಉರಿದಿದೆ ನೋಡಬಹುದು. ಪುಸ್ತಕದಲ್ಲಿ ಪೆನ್ನಿನಿಂದ ಬರೆದು, ಸ್ನೇಹಿತರು ಬಂದಾಗ ಬರೆಯೋದನ್ನೇ ಮರೆಯುವ ಹುಡುಗನಿಗಿಂತ ಇದು ಎಷ್ಟೋ ವಾಸಿ.

ಆದರೆ ಹಗಲು ಹೊತ್ತು, ಕಿಟಕಿ ಪಕ್ಕದ ಟೇಬಲ್ಲಿಗೆ ದೀಪವೇ ಬೇಡ. ದೀಪ ಹತ್ತದಿದ್ದರೆ ಲೆಕ್ಕವೂ ಇಲ್ಲ. ಅದಕ್ಕೆ ಕೆಲವರು ಚೆಂಡಿನ ಪೆಟ್ಟಿಗೆಯನ್ನೇ ಕೌಂಟರಿನಲ್ಲಿ ಇಟ್ಟುಕೊಂಡು, ಟೇಬಲ್ ಶುರು ಮಾಡಿದ ಮೇಲೆ ಕೊಡುತ್ತಾರೆ. ಎಲೆಕ್ಟ್ರಾನಿಕ್ ಏನೂ ಇಲ್ಲದ ಉಪಾಯ, ಚೆನ್ನಾಗಿಯೇ ನಡೆಯುತ್ತದೆ.

ನೀರಿನ ಘಟಕದಲ್ಲಿ ನಾಣ್ಯ ಮತ್ತು ಲೀಟರ್

ಹಳ್ಳಿಯವರಿಗೆ ಹೆಚ್ಚು ತಟ್ಟುವ ಕಾಯಿನ್ ಯಂತ್ರ ಆಟದ್ದಲ್ಲ, ನೀರಿನದು. ನಾಣ್ಯ ಬಿದ್ದರೆ ವಾಲ್ವ್ ತೆರೆದು ಕ್ಯಾನ್ ತುಂಬುತ್ತೆ. ವಾಲ್ವ್ ಯಾವಾಗ ಮುಚ್ಚಬೇಕು ಅನ್ನೋದನ್ನು ಎರಡು ರೀತಿಯಲ್ಲಿ ತೀರ್ಮಾನಿಸಬಹುದು. ಒಂದು, ನೀರು ಹರಿದ ಪ್ರಮಾಣವನ್ನು ಅಳೆಯುವ ಫ್ಲೋ ಮೀಟರ್ ಇಟ್ಟು. ಇನ್ನೊಂದು ಅಗ್ಗದ ದಾರಿ: ಇಷ್ಟು ಸೆಕೆಂಡಿಗೆ ಇಪ್ಪತ್ತು ಲೀಟರ್ ಬರುತ್ತೆ ಅಂತ ಅಂದಾಜಿಸಿ ಬರೀ ಟೈಮರ್ ಹಾಕುವುದು. ಟೈಮರ್ ಇದ್ದಲ್ಲಿ ಪಂಪಿನ ಒತ್ತಡ ಇಳಿದ ದಿನ ಕ್ಯಾನ್ ಮುಕ್ಕಾಲಿಗೇ ನಿಲ್ಲುತ್ತದೆ, ಒತ್ತಡ ಹೆಚ್ಚಿದ ದಿನ ತುಂಬಿ ಹೊರಗೆ ಚೆಲ್ಲುತ್ತದೆ. "ಐದು ರೂಪಾಯಿಗೆ ನೀರು ಕಡಿಮೆ ಮಾಡಿದ್ದಾರೆ" ಅನ್ನುವ ದೂರಿನ ಹಿಂದೆ ಕೆಲವೊಮ್ಮೆ ಇರೋದು ಇಷ್ಟೇ.

ಫ್ಲೋ ಮೀಟರ್ ಇದ್ದರೆ ಗ್ರಾಮ ಪಂಚಾಯಿತಿಗೂ, ನಿರ್ವಹಣೆ ಮಾಡುವವರಿಗೂ, ಊರವರಿಗೂ ಒಂದೇ ಲೆಕ್ಕ ಸಿಗುತ್ತದೆ. 300 ನಾಣ್ಯ ಬಿದ್ದಿದೆ, ನಾಣ್ಯಕ್ಕೆ 20 ಲೀಟರ್ ಅಂದರೆ 6,000 ಲೀಟರ್ ಹೋಗಿರಬೇಕು. ಮೀಟರ್ 6,900 ಅಂದರೆ 45 ಕ್ಯಾನ್ ನೀರು ನಾಣ್ಯವಿಲ್ಲದೆ ಹೋಗಿದೆ. ವಾಲ್ವ್ ಸೋರುತ್ತಿದೆಯಾ, ನಾಣ್ಯ ಇಲ್ಲದೆ ಯಾರಾದರೂ ಹಿಡಿಯುತ್ತಿದ್ದಾರಾ ನೋಡಬಹುದು. ಫ್ಲೋ ಮೀಟರ್ ಕ್ಯಾನಿಗೆ ಹೋಗುವ ಕೊಳವೆಯಲ್ಲೇ ಇರಬೇಕು. ಬೋರ್‌ವೆಲ್ ಕಡೆಯ ಮೀಟರ್ ನೋಡಿ ಲೆಕ್ಕ ಹಾಕಿದರೆ ತಪ್ಪುತ್ತದೆ, ಶುದ್ಧೀಕರಣದಲ್ಲಿ ಒಂದು ಭಾಗ ನೀರು ಹೊರಗೆ ಹೋಗಿಯೇ ಹೋಗುತ್ತದೆ.

ಘಟಕ ಎಷ್ಟು ದಿನ ನಿಂತಿತ್ತು ಅನ್ನೋದೂ ಇದರಿಂದಲೇ ತಿಳಿಯುತ್ತದೆ. ಹತ್ತು ದಿನ ಒಂದೇ ಅಂಕಿ ಇದ್ದರೆ "ನಡೀತಾ ಇತ್ತು ಸಾರ್" ಅನ್ನೋ ಮಾತು ನಿಲ್ಲೋದಿಲ್ಲ.

ಕ್ಯೂಆರ್ ಬಂದ ಮೇಲೆ

ಈಗ ನಾಣ್ಯದ ಸೀಳಿನ ಪಕ್ಕದಲ್ಲೇ ಕ್ಯೂಆರ್ ಸ್ಟಿಕರ್ ಬಂದಿದೆ. ಸ್ಕ್ಯಾನ್ ಮಾಡಿ ದುಡ್ಡು ಹಾಕಿದರೆ, ಯಂತ್ರದೊಳಗೆ ಸಿಮ್ ಇರುವ ಬೋರ್ಡಿಗೆ ಸಂದೇಶ ಬಂದು ಅದು ನಾಣ್ಯ ಬಿದ್ದ ಹಾಗೆಯೇ ಪಲ್ಸ್ ಕೊಡುತ್ತದೆ. ಪ್ರತಿ ಆಟದ ಲೆಕ್ಕ ಗಂಟೆ ನಿಮಿಷದ ಸಮೇತ ಮಾಲೀಕನ ಫೋನಿನಲ್ಲಿ. ಕಳ್ಳತನದ ಭಯ ಕಡಿಮೆ ಆಯ್ತು, ನಿಜ. ಆದರೆ ಡಬ್ಬ ಎದುರಿಗೆ ತೆಗೆದು ಎಣಿಸುತ್ತಿದ್ದಾಗ ಅಂಗಡಿಯವರು ಕಣ್ಣಾರೆ ನೋಡ್ತಿದ್ದ ಹಣ ಈಗ ನೇರ ಇನ್ನೊಬ್ಬರ ಖಾತೆಗೆ ಹೋಗುತ್ತದೆ. ಮಾಲೀಕ ತೋರಿಸಿದ ಸ್ಕ್ರೀನ್‌ಶಾಟೇ ಲೆಕ್ಕ. ಯಂತ್ರದ ಮೈಮೇಲೆ ಚಕ್ರದ ಮೀಟರ್ ಇದ್ದು, ನಾಣ್ಯದ ಆಟ ಮತ್ತು ಕ್ಯೂಆರ್ ಆಟ ಎರಡೂ ಅದರಲ್ಲಿ ಸೇರುತ್ತಿದ್ದರೆ ಮಾತ್ರ ಅಂಗಡಿಯವರಿಗೂ ಒಂದು ಹಿಡಿತ.

ಉಲ್ಟಾ ಮಾಡಿ, ಅಂಗಡಿಯವರ ಕ್ಯೂಆರ್ ಅನ್ನೇ ಯಂತ್ರಕ್ಕೆ ಅಂಟಿಸೋದು ಸುಲಭ ಅನಿಸಬಹುದು. ಇಲ್ಲಿ ಜಾಗ್ರತೆ ಬೇಕು. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟದ್ದು ಎಲ್ಲರಿಗೂ ನೆನಪಿದೆ. ತಿಂಗಳಿಗೆ 20 ಸಾವಿರ ಯಂತ್ರದಿಂದ ಬಂದು, ಅದರಲ್ಲಿ 14 ಸಾವಿರ ಮಾಲೀಕನಿಗೆ ಹೋದರೂ, ಖಾತೆಯಲ್ಲಿ ಕಾಣೋದು ವರ್ಷಕ್ಕೆ 2 ಲಕ್ಷ 40 ಸಾವಿರದ ಜಮೆ. ಜಿಎಸ್‌ಟಿ ನೋಂದಣಿಗೆ 40 ಲಕ್ಷದ ಮಿತಿ ಇರೋದು ಬರೀ ಸರಕು ಮಾರುವವರಿಗೆ, ಸೇವೆಗೆ 20 ಲಕ್ಷ. ಆಟದ ಮಷೀನಿನ ಆದಾಯ ಸರಕಿನ ಮಾರಾಟವಲ್ಲ. ಮಿತಿಯ ಹತ್ತಿರ ಇರುವ ಅಂಗಡಿಯವರು ಯಂತ್ರ ಇಡುವ ಮೊದಲೇ ತಮ್ಮ ಆಡಿಟರ್ ಹತ್ತಿರ ಮಾತಾಡುವುದು ಒಳ್ಳೆಯದು. ಮೀಟರ್ ರೀಡಿಂಗ್ ಮತ್ತು ಪಾಲಿನ ಲೆಕ್ಕ ಬರೆದಿಟ್ಟಿದ್ದರೆ ಆ ಹಣ ಯಾರದು ಅಂತ ತೋರಿಸಲು ಒಂದು ಆಧಾರ ಇರುತ್ತದೆ.

ಬೊಂಬೆ ಎತ್ತುವ ಯಂತ್ರದ ವಿಷಯಕ್ಕೆ ಇನ್ನೊಂದು ಮಾತು. ಕೊಕ್ಕೆಯ ಹಿಡಿತ ಎಷ್ಟು ಬಿಗಿ ಇರಬೇಕು, ಎಷ್ಟು ಆಟಕ್ಕೊಮ್ಮೆ ಬೊಂಬೆ ಸಿಗಬೇಕು ಅಂತ ಒಳಗೆ ಹೊಂದಿಸುವ ಸೌಲಭ್ಯ ಇಂಥ ಹಲವು ಯಂತ್ರಗಳಲ್ಲಿದೆ. ಬೆಂಗಳೂರಿನ ವಿಡಿಯೊ ಗೇಮ್ ಪಾರ್ಲರ್‌ಗಳ ಪರವಾನಗಿ ವಿವಾದ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 1995ರಲ್ಲಿ ಎಂ.ಜೆ. ಶಿವಾನಿ ಪ್ರಕರಣದ ತೀರ್ಪು ಬಂತು. ಕೌಶಲಕ್ಕಿಂತ ಅದೃಷ್ಟವೇ ಮೇಲಾಗುವ ವಿಡಿಯೊ ಗೇಮ್ ಜೂಜಿನ ವ್ಯಾಖ್ಯೆಗೆ ಬರಬಹುದು, ಪರವಾನಗಿಯ ಮೂಲಕ ಅದನ್ನು ನಿಯಂತ್ರಿಸಬಹುದು ಅನ್ನೋದು ಅದರ ತಿರುಳು. ಯಂತ್ರ ಬೇರೆಯವರದು ಅಂದರೂ ಅದು ನಿಂತಿರೋದು ಅಂಗಡಿಯ ಜಾಗದಲ್ಲಿ. ಎಷ್ಟು ಆಟ, ಎಷ್ಟು ಬೊಂಬೆ ಅನ್ನುವ ಎರಡು ಅಂಕಿ ಮಾಲೀಕನಿಂದ ಕೇಳಿ ತಿಳಿದುಕೊಂಡರೆ ಮಕ್ಕಳ ಕೈಯಲ್ಲಿ ಏನು ಆಡಿಸ್ತಿದ್ದೇವೆ ಅನ್ನೋದಾದರೂ ಗೊತ್ತಾಗುತ್ತದೆ.

ಯಂತ್ರ ಇಳಿಸುವ ದಿನವೇ ಆಗಬೇಕಾದ ಕೆಲಸ

ಮೊದಲ ದಿನವೇ ಇಬ್ಬರೂ ನಿಂತು ಮೀಟರ್ ಓದಿ, ಮೊಬೈಲ್‌ನಲ್ಲಿ ಫೋಟೊ ತೆಗೆದು, ಪುಸ್ತಕದಲ್ಲಿ ದಿನಾಂಕ ಸಮೇತ ಬರೆದು ಸಹಿ ಹಾಕಬೇಕು. ಹೊಸ ಯಂತ್ರ ಅಂದರೂ ಮೀಟರ್ ಸೊನ್ನೆಯಲ್ಲಿ ಇರಬೇಕೆಂದಿಲ್ಲ. ಕಂಪನಿಯಲ್ಲಿ ಪರೀಕ್ಷೆ ಮಾಡಿದ ಆಟಗಳು ಅದರಲ್ಲಿರುತ್ತವೆ, ಬೇರೆ ಊರಿನಲ್ಲಿ ಓಡಿ ಬಂದದ್ದೂ ಇರಬಹುದು. ಡಬ್ಬ ತೆಗೆಯುವಾಗ ಮೊದಲು ಮೀಟರ್ ಓದಬೇಕು, ಆಮೇಲೆ ದುಡ್ಡು ಎಣಿಸಬೇಕು. ರಿಪೇರಿಗೆ ಬಂದವರು ಎಷ್ಟು ಪರೀಕ್ಷೆ ಆಟ ಆಡಿದರು ಅಂತ ಅದೇ ಪುಸ್ತಕದಲ್ಲಿ ಬರೆಸಬೇಕು. ಕರೆಂಟ್ ಬಿಲ್ ಯಾರದು ಅನ್ನುವ ತಕರಾರಿದ್ದರೆ ಯಂತ್ರದ ಪ್ಲಗ್ಗಿಗೆ ಒಂದು ಸಬ್ ಮೀಟರ್ ಹಾಕಿಸಬಹುದು.

ಬೋರ್ಡು ಅಥವಾ ಮೀಟರ್ ಬದಲಾಯಿಸಿದರೆ ಮನೆಯ ವಿದ್ಯುತ್ ಮೀಟರ್ ಬದಲಾಯಿಸಿದಾಗ ಮಾಡುವ ಹಾಗೆಯೇ ಮಾಡಬೇಕು: ಹಳೆಯದರ ಕೊನೆಯ ಅಂಕಿ, ಹೊಸದರ ಮೊದಲ ಅಂಕಿ, ಎರಡನ್ನೂ ಇಬ್ಬರ ಎದುರು ಬರೆದುಕೊಂಡು, ಆ ತಿಂಗಳ ಲೆಕ್ಕವನ್ನು ಅಲ್ಲೇ ಮುಗಿಸಿ ಪಾಲು ತೆಗೆದುಕೊಳ್ಳುವುದು. ಹಳೆಯ ಬೋರ್ಡ್ ಮೆಕ್ಯಾನಿಕ್‌ನ ಚೀಲ ಸೇರಿದ ಮೇಲೆ ಅದರೊಳಗಿನ ಲೆಕ್ಕ ವಾಪಸ್ ಸಿಗೋದು ಕಷ್ಟ.